ಜನರಲ್ ಟಾಮ್ ಥಂಬ್: ಎಲ್ಲಿಯವರೆಗೆ ‘ಅವನು’, ಎಲ್ಲಿಂದ ‘ಅವರು’?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಕುಬ್ಜ ಕಲಾವಿದ ‘ಜನರಲ್ ಟಾಮ್ ಥಂಬ್’ನ ಬದುಕಿನ ಮೇಲೆ ಒಂದೂವರೆ ಗಂಟೆಯ ನಾಟಕ ಬರೆಯುತ್ತಿದ್ದೇವೆ. ಅವನ ಎತ್ತರ ಒಂದು ಕಡೆ ಎರಡಡಿ, ಇನ್ನೊಂದು ಕಡೆ ಮೂರಡಿಗೂ ಹೆಚ್ಚು ಎಂದಿದೆ. ಹೆಂಡತಿಯ ಜತೆ ಮಗುವನ್ನಿಟ್ಟುಕೊಂಡ ಫೋಟೊ ಇದೆ, ಮಕ್ಕಳೇ ಇರಲಿಲ್ಲ ಎಂದೂ ಓದಿದೆವು. ಪ್ರದರ್ಶನಗಳ ಒಡೆಯ ಬಾರ್ನಮ್‌ನನ್ನು ಖಳನಾಯಕನಾಗಿ ತೋರಿಸಬಹುದೇ? ಅಷ್ಟು ಚಿಕ್ಕ ದೇಹವನ್ನು ರಂಗದ ಮೇಲೆ ತರುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಟಾಮ್ ಥಂಬ್ ಉದ್ದಕ್ಕೂ ‘ಅವನು’ ಆಗಿದ್ದಾನೆ. ಇಂಗ್ಲಿಷಿನಲ್ಲಿ ನಾಟಕ ಬರೆಯುವವರಿಗೆ ಈ ತೊಡಕಿಲ್ಲ, ಕನ್ನಡದಲ್ಲಿ ಬರೆಯುವ ನಿಮಗೆ ಇದೆ. ಪ್ರತಿ ಪಾತ್ರವೂ ಅವನನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂದು ನೀವೇ ತೀರ್ಮಾನಿಸಬೇಕು. ಆ ತೀರ್ಮಾನ ಸರಿಯಾಗಬೇಕಾದರೆ ಪ್ರತಿ ದೃಶ್ಯದಲ್ಲೂ ಅವನ ನಿಜವಾದ ವಯಸ್ಸು ಗೊತ್ತಿರಬೇಕು. ಜಾಹೀರಾತುಗಳು ಮುಚ್ಚಿಟ್ಟದ್ದು ಅದನ್ನೇ. ಹಾಗಾಗಿ ಮೊದಲು ಗೋಡೆಯ ಮೇಲೆ ಒಂದು ಕಾಗದ ಅಂಟಿಸಿ, ಇಸವಿ, ನಿಜವಾದ ವಯಸ್ಸು, ಎತ್ತರ ಎಂದು ಮೂರು ಸಾಲು ಬರೆದುಕೊಳ್ಳಿ.

ನಿಜವಾದ ಹೆಸರು ಚಾರ್ಲ್ಸ್ ಶೆರ್ವುಡ್ ಸ್ಟ್ರಾಟನ್. ಹುಟ್ಟಿದ್ದು 1838ರ ಜನವರಿ 4ರಂದು, ಅಮೆರಿಕದ ಕನೆಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ. ತಂದೆ ಬಡಗಿ. ಹುಟ್ಟುವಾಗ ಮಗು ಒಂಬತ್ತು ಪೌಂಡಿಗೂ ಹೆಚ್ಚು, ಅಂದರೆ ನಾಲ್ಕು ಕಿಲೋ ಮೀರಿ ತೂಗಿತ್ತು. ಆರು ತಿಂಗಳವರೆಗೆ ಎಲ್ಲ ಮಕ್ಕಳಂತೆಯೇ ಬೆಳೆದು, 25 ಇಂಚು (ಸುಮಾರು 64 ಸೆಂ.ಮೀ.) ಎತ್ತರ, 15 ಪೌಂಡ್ (ಸುಮಾರು 6.8 ಕಿಲೋ) ತೂಕಕ್ಕೆ ಬಂದು ನಿಂತುಬಿಟ್ಟಿತು. ತಂದೆತಾಯಿ, ಒಡಹುಟ್ಟಿದವರು ಎಲ್ಲರೂ ಸಾಮಾನ್ಯ ಎತ್ತರದವರೇ.

ನಾಲ್ಕೂವರೆ ವರ್ಷ ದಾಟಿದರೂ ಅವನು ಹೆಚ್ಚುಕಡಿಮೆ ಅದೇ ಅಳತೆಯಲ್ಲಿದ್ದ. 1842ರ ಕೊನೆಯಲ್ಲಿ ಪಿ.ಟಿ. ಬಾರ್ನಮ್ ಅವನನ್ನು ಕಂಡದ್ದು ಆಗ. ಬಾರ್ನಮ್ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಅಮೆರಿಕನ್ ಮ್ಯೂಸಿಯಂ ನಡೆಸುತ್ತಿದ್ದರು. ಹೆಸರು ಮ್ಯೂಸಿಯಂ ಆದರೂ ಅಲ್ಲಿ 25 ಸೆಂಟ್ ಟಿಕೆಟ್ಟಿಗೆ ಪ್ರಾಣಿಗಳು, ಮೇಣದ ಬೊಂಬೆಗಳು, ಭಾಷಣ, ನಾಟಕ ಎಲ್ಲವೂ ಇದ್ದವು. ಅದೇ ಡಿಸೆಂಬರಿನಲ್ಲಿ ಹುಡುಗ ಅಲ್ಲಿಗೆ ಬಂದ. ಜಾಹೀರಾತಿನಲ್ಲಿ ಅವನ ವಯಸ್ಸು 11, ಊರು ಇಂಗ್ಲೆಂಡ್, ಹೆಸರು ಜನರಲ್ ಟಾಮ್ ಥಂಬ್.

ಈ ಮೂರು ಸುಳ್ಳುಗಳಲ್ಲಿ ನಾಟಕಕ್ಕೆ ಬೇಕಾದದ್ದು ವಯಸ್ಸಿನದು. ಐದು ತುಂಬದ ಮಗು ಚಿಕ್ಕದಾಗಿದ್ದರೆ ‘ಇನ್ನೂ ಬೆಳೆಯುತ್ತದೆ ಬಿಡಿ’ ಎಂದು ಜನ ಟಿಕೆಟ್ ಕೊಳ್ಳುವುದಿಲ್ಲ. ಹನ್ನೊಂದು ಎಂದರೆ ಅದೇ ದೇಹ ಅಚ್ಚರಿಯಾಗುತ್ತದೆ. ಬಾರ್ನಮ್ ಅವರಿಗೆ ಇದು ಹೊಸ ಉಪಾಯವೂ ಅಲ್ಲ. 1835ರಲ್ಲಿ ಜಾಯ್ಸ್ ಹೆತ್ ಎಂಬ ಗುಲಾಮ ವೃದ್ಧೆಯನ್ನು 161 ವರ್ಷದವಳೆಂದು ಪ್ರದರ್ಶಿಸಿದ್ದರು. ಆಕೆ ತೀರಿಕೊಂಡಾಗ ಶವಪರೀಕ್ಷೆ ಮಾಡಿದ ವೈದ್ಯರು ಆಕೆಗೆ ಹೆಚ್ಚೆಂದರೆ 80 ಎಂದರು. ಬಾರ್ನಮ್ ಜಾಹೀರಾತಿನಲ್ಲಿ ವಯಸ್ಸು ಕಂಡಲ್ಲೆಲ್ಲ ಅನುಮಾನಪಡಿ. ಸ್ಟ್ರಾಟನ್ ವಿಷಯದಲ್ಲಿ ಲೆಕ್ಕ ಸುಲಭ: ಇಸವಿಯಿಂದ 1838 ಕಳೆಯಿರಿ, ಪೋಸ್ಟರಿನಲ್ಲಿ ಏನೇ ಇರಲಿ.

ಹಾಗೆ ಕಳೆದಾಗ ಸಿಗುವುದು ಇದು. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ನಿಂತ 1844ರ ಮಾರ್ಚ್ 23ರಂದು ಅವನಿಗೆ ಆರು ವರ್ಷ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಎದುರು ಆಡಿದಾಗ ಏಳು. ಮೂರು ವರ್ಷದ ಯುರೋಪ್ ಪ್ರವಾಸ ಮುಗಿಸಿ 1847ರಲ್ಲಿ ಹಿಂದಿರುಗಿದಾಗ ಒಂಬತ್ತು. ಇಲ್ಲಿಯವರೆಗೂ ಅವನು ಮಗುವೇ, ಮನೆಯವರ ಬಾಯಲ್ಲಿ ‘ನೀನು’. ಆದರೆ ವೇದಿಕೆಯ ಮೇಲೆ ಎಲ್ಲರೂ ‘ಜನರಲ್, ತಾವು’ ಎನ್ನಬೇಕು, ಆಟದ ನಗುವೆಲ್ಲ ಇರುವುದು ಆ ‘ತಾವು’ವಿನಲ್ಲೇ. ಪರದೆ ಬಿದ್ದೊಡನೆ ತಾಯಿ ಸಿಂಥಿಯಾ ‘ಬಾರೋ, ನಿದ್ದೆ ಬಂತಾ?’ ಎಂದರೆ ಸಾಕು, ಹನ್ನೊಂದು ವರ್ಷದ ಸುಳ್ಳನ್ನು ವಿವರಿಸಲು ನಿಮಗೆ ಬೇರೆ ಸಂಭಾಷಣೆಯೇ ಬೇಡ.

ಇನ್ನು ಎತ್ತರ. ನೀವು ಓದಿದ ಎರಡೂ ಅಂಕಿ ಸರಿ, ವಯಸ್ಸು ಮಾತ್ರ ಬೇರೆ. ಬಾಲ್ಯದಲ್ಲಿ ನಿಂತ ಬೆಳವಣಿಗೆ ಮುಂದೆ ತೀರಾ ನಿಧಾನವಾಗಿ ಮತ್ತೆ ಶುರುವಾಯಿತು. 18ನೇ ವಯಸ್ಸಿಗೆ 32.5 ಇಂಚು (82.6 ಸೆಂ.ಮೀ.), ಮದುವೆಯ ಹೊತ್ತಿಗೆ ಸುಮಾರು 35 ಇಂಚು (89 ಸೆಂ.ಮೀ.), ಸಾಯುವಾಗ ಸುಮಾರು 40 ಇಂಚು (102 ಸೆಂ.ಮೀ.). ಜತೆಗೆ ಮೈ ತುಂಬಿತು, ಗಡ್ಡಮೀಸೆ ಬಂತು. ಇಂದಿನ ವೈದ್ಯರ ಪ್ರಕಾರ ಇದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಸುರಿಸದ ಸ್ಥಿತಿಯ ಲಕ್ಷಣ. ಇಂಥವರಲ್ಲಿ ತಲೆ, ಮುಂಡ, ಕೈಕಾಲು ಒಂದಕ್ಕೊಂದು ಅಳತೆಗೆ ಸರಿಯಾಗಿರುತ್ತವೆ. ಹರೆಯ ತಡವಾಗಿ ಬರುವುದರಿಂದ ಮೂಳೆಗಳ ತುದಿಯ ಬೆಳವಣಿಗೆಯ ಪಟ್ಟಿ ಬೇಗ ಮುಚ್ಚಿಕೊಳ್ಳುವುದಿಲ್ಲ, ಇಪ್ಪತ್ತು ದಾಟಿದ ಮೇಲೂ ಅಷ್ಟಿಷ್ಟು ಬೆಳೆಯುವುದು ಅದಕ್ಕೇ. ಕೈಕಾಲು ಗಿಡ್ಡವಾಗಿ ಮುಂಡ ಸಾಮಾನ್ಯ ಅಳತೆಯಲ್ಲಿರುವ ಅಕಾಂಡ್ರೊಪ್ಲೇಸಿಯಾ ಬೇರೆ, ಇಂದು ನಾವು ಹೆಚ್ಚಾಗಿ ಕಾಣುವುದು ಅದನ್ನು. ಹಾರ್ಮೋನ್ ಕೊರತೆಗೆ ಆಗ ಚಿಕಿತ್ಸೆ ಇರಲಿಲ್ಲ. ಮನುಷ್ಯರ ಗ್ರಂಥಿಯಿಂದ ತೆಗೆದ ಹಾರ್ಮೋನಿನಿಂದ ಮಗುವೊಂದು ಬೆಳೆದ ವರದಿ ಬಂದದ್ದು 1958ರಲ್ಲಿ. ಪ್ರಯೋಗಾಲಯದಲ್ಲಿ ತಯಾರಿಸಿದ ಹಾರ್ಮೋನ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1985ರಲ್ಲಿ.

ಪದದ ಬಗ್ಗೆ ಒಂದು ಮಾತು. ಸಂಸ್ಕೃತದಲ್ಲಿ ‘ಕುಬ್ಜ’ ಎಂದರೆ ಗೂನುಬೆನ್ನು. ಮಥುರೆಯ ಕುಬ್ಜೆಗೆ ಇದ್ದದ್ದು ಅದೇ. ಕನ್ನಡದಲ್ಲಿ ಅದು ಗಿಡ್ಡ ದೇಹಕ್ಕೆ ನಿಂತುಬಿಟ್ಟಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ ಅಂಗವೈಕಲ್ಯಗಳಲ್ಲಿ ಕುಬ್ಜತೆಯೂ ಒಂದು: ವಯಸ್ಕರಲ್ಲಿ 4 ಅಡಿ 10 ಇಂಚು (147 ಸೆಂ.ಮೀ.) ಅಥವಾ ಅದಕ್ಕಿಂತ ಕಡಿಮೆ ಎತ್ತರ. ನಿಮ್ಮ ಕರಪತ್ರದಲ್ಲಿ ‘ಕುಬ್ಜ ಕಲಾವಿದ’ ಎಂದಿರಲಿ. ‘ಕುಳ್ಳ’ ಎಂಬುದು ನಾಟಕದೊಳಗೆ ಹೀಯಾಳಿಸುವ ಪಾತ್ರದ ಬಾಯಲ್ಲಿ ಮಾತ್ರ ಬರಲಿ.

ಅವನು ರಂಗದ ಮೇಲೆ ಮಾಡುತ್ತಿದ್ದುದೇನು ಎಂಬುದನ್ನು ಹೆಚ್ಚಿನ ನಾಟಕಕಾರರು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುಮ್ಮನೆ ನಿಂತು ನೋಡಿಸಿಕೊಳ್ಳುವುದಷ್ಟೇ ಆಗಿದ್ದರೆ ಜನ ಎರಡನೇ ಸಲ ಬರುತ್ತಿರಲಿಲ್ಲ. ಬಾರ್ನಮ್ ಅವನಿಗೆ ಹಾಡು, ಕುಣಿತ, ಮಾತಿಗೆ ಮಾತು ಕೊಡುವುದನ್ನು ಹಗಲೂ ರಾತ್ರಿ ಕಲಿಸಿದರು, ಮಗು ಬಹಳ ಬೇಗ ಕಲಿಯಿತು. ಆಟದಲ್ಲಿ ಪಕ್ಕದಲ್ಲಿ ಎತ್ತರದ ಒಬ್ಬ ನಿಂತು ಗಂಭೀರವಾಗಿ ಪ್ರಶ್ನೆ ಕೇಳುತ್ತಾನೆ, ಜನರಲ್ ಕೊಂಕು ಉತ್ತರ ಕೊಡುತ್ತಾನೆ. ನಮ್ಮ ಯಕ್ಷಗಾನದ ಭಾಗವತರೂ ಹಾಸ್ಯಗಾರನೂ ಮಾತಿಗೆ ಕುಳಿತ ಹಾಗೆ ಎಂದುಕೊಳ್ಳಿ. ಸಭೆಯಿಂದ ಒಂದು ಪುಟ್ಟ ಮಗುವನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸುವುದೂ ಇತ್ತು. ಆಮೇಲೆ ವೇಷಗಳು. ಕೈ ಬೆನ್ನಿಗೆ ಕಟ್ಟಿ ಯೋಚಿಸುತ್ತ ಓಡಾಡುವ ನೆಪೋಲಿಯನ್, ಸ್ಕಾಟ್ಲೆಂಡಿನ ಪಾಳೆಯಗಾರ, ರೆಕ್ಕೆಯ ಕ್ಯುಪಿಡ್, ನಾವಿಕರ ಹಾರ್ನ್‌ಪೈಪ್ ಕುಣಿತ, ‘ಯಾಂಕಿ ಡೂಡಲ್’ ಹಾಡು. ಮೈಬಣ್ಣದ ಬಿಗಿ ಉಡುಪು ತೊಟ್ಟು ಸ್ಯಾಮ್ಸನ್, ಹರ್ಕ್ಯುಲಿಸ್ ಮೊದಲಾದ ಶಿಲ್ಪಗಳ ಭಂಗಿಯಲ್ಲಿ ಅಲುಗಾಡದೆ ನಿಲ್ಲುವುದು ಇನ್ನೊಂದು. ನಗು ಹುಟ್ಟುವುದು ಮಹಾವೀರನ ಭಂಗಿಗೂ ದೇಹಕ್ಕೂ ಇರುವ ಅಂತರದಿಂದ. ಭಂಗಿ ಮಾತ್ರ ನಿಖರವಾಗಿರಬೇಕು, ಅಣಕದಂತೆ ಸಡಿಲವಾಗಿ ಮಾಡಿದರೆ ನಗುವೂ ಬರುವುದಿಲ್ಲ, ಗೌರವವೂ ಉಳಿಯುವುದಿಲ್ಲ. ನಿಮ್ಮ ನಟರೂ ಇದನ್ನು ಅಷ್ಟೇ ಶಿಸ್ತಿನಿಂದ ಅಭ್ಯಾಸ ಮಾಡಬೇಕು.

ಅರಮನೆಯ ದೃಶ್ಯವನ್ನು ಬಿಡಬೇಡಿ, ಅದು ರಂಗಕ್ಕೆಂದೇ ಹುಟ್ಟಿದ ಹಾಗಿದೆ. ರಾಣಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆಯುತ್ತ ಹೊರಬರಬೇಕು. ಚಿತ್ರಶಾಲೆ ಉದ್ದವಾದದ್ದು. ಮಗುವಿನ ಪುಟ್ಟ ಹೆಜ್ಜೆ ದೊಡ್ಡವರ ಹೆಜ್ಜೆಗೆ ಸಾಟಿಯಾಗದೆ, ಅವನು ಆಗಾಗ ತಿರುಗಿ ನಾಲ್ಕು ಹೆಜ್ಜೆ ಓಡಿ, ಮತ್ತೆ ರಾಣಿಯತ್ತ ಮುಖ ಮಾಡಿ ಹಿಮ್ಮುಖ ನಡೆಯುತ್ತಿದ್ದ. ಈ ಓಡಾಟಕ್ಕೆ ಕೆರಳಿದ ರಾಣಿಯ ಪೂಡಲ್ ನಾಯಿ ಬೊಗಳುತ್ತ ಮೇಲೆ ಬಂದಾಗ ಕೈಯ ಬೆತ್ತದಿಂದ ಅದರ ಜತೆ ಕಾದಾಡಿದ. ಸಭೆ ನಕ್ಕಿತು. ಆರು ವರ್ಷದ ಮಗುವಿಗೆ ತನ್ನ ಭುಜದೆತ್ತರದ ನಾಯಿ ಎದುರಾದರೆ ಹೇಗಿರುತ್ತದೆ ಎಂಬುದನ್ನು ಮಾತ್ರ ನಕ್ಕವರು ಯಾರೂ ಬರೆದಿಡಲಿಲ್ಲ. ನಿಮ್ಮ ನಾಟಕ ಆ ಒಂದು ಗಳಿಗೆಯನ್ನು ಹಿಡಿಯಬಹುದು.

1846ರ ಇನ್ನೊಂದು ಘಟನೆಯನ್ನು ಎಚ್ಚರದಿಂದ ಬಳಸಿ. ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಅವನು ಆಡುತ್ತಿದ್ದಾಗ ಅದೇ ಕಟ್ಟಡದಲ್ಲಿ ಚಿತ್ರಕಾರ ಬೆಂಜಮಿನ್ ರಾಬರ್ಟ್ ಹೇಡನ್ ತಮ್ಮ ದೊಡ್ಡ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಜನ ಟಾಮ್ ಥಂಬ್‌ನನ್ನು ನೋಡಲು ಸಾವಿರಗಟ್ಟಲೆ ನುಗ್ಗಿದರು, ಚಿತ್ರ ನೋಡಲು ಬಂದವರು ಬೆರಳೆಣಿಕೆ. ಆ ಜೂನ್‌ನಲ್ಲಿ ಹೇಡನ್ ಆತ್ಮಹತ್ಯೆ ಮಾಡಿಕೊಂಡರು. ಹೇಡನ್ ವರ್ಷಗಟ್ಟಲೆ ಸಾಲದಲ್ಲಿ ಮುಳುಗಿದ್ದವರು. ಆ ಸಾವನ್ನು ಎಂಟು ವರ್ಷದ ಹುಡುಗನ ತಲೆಗೆ ಕಟ್ಟುವ ಕಥೆಗಳನ್ನು ನಂಬಬೇಡಿ.

ಬಾರ್ನಮ್ ಖಳನಾಯಕರೇ ಎಂಬುದಕ್ಕೆ ಸಂಬಳದ ಲೆಕ್ಕ ನೋಡಿ. ಇದು ಬಾರ್ನಮ್ ತಮ್ಮ ಆತ್ಮಕಥೆಯಲ್ಲಿ ಕೊಟ್ಟದ್ದು ಎಂಬುದು ನೆನಪಿರಲಿ. ಮೊದಲ ನಾಲ್ಕು ವಾರಕ್ಕೆ ವಾರಕ್ಕೆ 3 ಡಾಲರ್, ಮಗು ಮತ್ತು ತಾಯಿಯ ಊಟ, ವಸತಿ, ಪ್ರಯಾಣ ಬೇರೆ. ಆಮೇಲೆ ಒಂದು ವರ್ಷದ ಕರಾರು, ವಾರಕ್ಕೆ 7 ಡಾಲರ್. ವರ್ಷ ಮುಗಿಯುವ ಮೊದಲೇ 25, ಯುರೋಪಿಗೆ ಹೊರಟಾಗ 50. 1845ರ ಜನವರಿಯಿಂದ ಲಾಭದಲ್ಲಿ ಸಮಪಾಲು. ತಂದೆ ಬಡಗಿ ಕೆಲಸ ಬಿಟ್ಟು ಮಗನ ಆಟಕ್ಕೆ ಟಿಕೆಟ್ ಮಾರತೊಡಗಿದರು. ಏರಿಕೆ ಉದಾರವೆಂದು ಕಾಣುತ್ತದೆ. ಆದರೆ ಸಹಿ ಹಾಕಿದವರು ಯಾರು? ಕರಾರು ಕುದುರಿದ್ದು ದೊಡ್ಡವರ ನಡುವೆ, ದುಡಿದದ್ದು ಮಗು, ಶಾಲೆ ತಪ್ಪಿದ್ದೂ ಮಗುವಿಗೆ. ಈ ಭಾಗದಲ್ಲಿ ಬಾರ್ನಮ್ ಅವರನ್ನೂ ಹೆತ್ತವರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿ. ಬಾರ್ನಮ್ ಒಬ್ಬರನ್ನೇ ದೂರಿದರೆ ನಾಟಕ ಸುಲಭವಾಗುತ್ತದೆ, ಸತ್ಯ ಅರ್ಧವಾಗುತ್ತದೆ.

ಇಲ್ಲಿಂದ ಮುಂದೆ ಬಹುವಚನ. 1856ರಲ್ಲಿ ಗಡಿಯಾರ ಕಂಪನಿಯೊಂದರ ಸಾಲಕ್ಕೆ ಜಾಮೀನು ನಿಂತು ಬಾರ್ನಮ್ ದಿವಾಳಿಯಾದರು. ಆಗ ಹದಿನೆಂಟರ ಸ್ಟ್ರಾಟನ್ ತಾವಾಗಿಯೇ ಪತ್ರ ಬರೆದು ನೆರವಿಗೆ ಸಿದ್ಧ ಎಂದರು, ಮುಂದಿನ ವರ್ಷ ಬಾರ್ನಮ್ ಜತೆ ಇಂಗ್ಲೆಂಡ್ ಪ್ರವಾಸ ಹೊರಟರು. ನಿಮ್ಮ ನಾಟಕದಲ್ಲಿ ಬಾರ್ನಮ್ ಮೊದಲ ಸಲ, ವೇದಿಕೆಯ ಹೊರಗೆ, ಯಾವ ನಾಟಕೀಯತೆಯೂ ಇಲ್ಲದೆ ‘ನೀವು’ ಎನ್ನಬೇಕಾದ ಜಾಗ ಇದು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇಲ್ಲಿದೆ, ಮದುವೆಯಲ್ಲಲ್ಲ.

ಮದುವೆ ಎಲ್ಲರಿಗೂ ಗೊತ್ತಿರುವ ಭಾಗ. 1863ರ ಫೆಬ್ರವರಿ 10, ನ್ಯೂಯಾರ್ಕಿನ ಗ್ರೇಸ್ ಚರ್ಚ್. ವಧು ಲವಿನಿಯಾ ವಾರೆನ್, ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೊ ಊರಿನವರು, 32 ಇಂಚು ಎತ್ತರ. ಹದಿನಾರರಲ್ಲೇ ಶಾಲಾ ಶಿಕ್ಷಕಿಯಾಗಿ ತಮಗಿಂತ ಎತ್ತರದ ಮಕ್ಕಳಿಗೆ ಪಾಠ ಹೇಳಿದವರು. ಆಮೇಲೆ ಮಿಸಿಸಿಪ್ಪಿ ನದಿಯ ದೋಣಿ ನಾಟಕಶಾಲೆಯಲ್ಲಿ ಆಡಿದವರು. ಮದುವೆಯನ್ನು ಒಂದು ತಿಂಗಳು ಮುಂದೂಡಿ ಪ್ರದರ್ಶನ ಮುಂದುವರಿಸಿದರೆ 15,000 ಡಾಲರ್ ಕೊಡುವೆನೆಂದು ಬಾರ್ನಮ್ ಹೇಳಿದರೂ ಜೋಡಿ ಒಪ್ಪಲಿಲ್ಲ. ಆರತಕ್ಷತೆಯಲ್ಲಿ ಅತಿಥಿಗಳ ಕಣ್ಣಿನ ಮಟ್ಟಕ್ಕೆ ಬರಲು ಪಿಯಾನೋದ ಮೇಲೆ ನಿಂತರು. ಮೂರು ದಿನ ಕಳೆದು ಶ್ವೇತಭವನದಲ್ಲಿ ಅಧ್ಯಕ್ಷ ಲಿಂಕನ್ ಬರಮಾಡಿಕೊಂಡರು. ಒಂದು ಎಚ್ಚರಿಕೆ: ವರನ ಜತೆಗಾರ, ಬಾರ್ನಮ್ ಅವರ ಇನ್ನೊಬ್ಬ ಕುಬ್ಜ ಕಲಾವಿದ ಕಮೋಡೋರ್ ನಟ್ ಲವಿನಿಯಾಗಾಗಿ ಸ್ಟ್ರಾಟನ್ ಜತೆ ಜಗಳಕ್ಕೆ ಬಿದ್ದಿದ್ದ ಎಂಬ ಪ್ರೇಮತ್ರಿಕೋನದ ಕಥೆ ಎಲ್ಲೆಡೆ ಇದೆ. ನಟ್ ಹುಟ್ಟಿದ್ದು 1848ರಲ್ಲಿ. ಕಳೆದು ನೋಡಿ, ಅವನಿನ್ನೂ ಹದಿನಾಲ್ಕರ ಹುಡುಗ.

ಮಗುವಿನ ಫೋಟೊ ನಿಜ, ಮಗುವೂ ನಿಜ, ಅವರದ್ದಲ್ಲ ಅಷ್ಟೇ. ಬಾರ್ನಮ್ ಅವರ ವ್ಯಾಪಾರಕ್ಕೆ ಮದುವೆಯ ನಂತರ ಕೂಸು ಬೇಕಿತ್ತು. ಸ್ಟ್ರಾಟನ್ ತೀರಿಕೊಂಡು ಬಹಳ ವರ್ಷಗಳ ಮೇಲೆ ಲವಿನಿಯಾ ಗುಟ್ಟು ಬಿಟ್ಟುಕೊಟ್ಟರು: ತಮಗೆ ಮಗು ಆಗಲೇ ಇಲ್ಲ, ಕೂಸುಗಳನ್ನು ಅನಾಥಾಲಯದಿಂದ ತರುತ್ತಿದ್ದರು, ಬೆಳೆದುಬಿಟ್ಟರೆ ಬದಲಾಯಿಸುತ್ತಿದ್ದರು. 1866ರಲ್ಲಿ ‘ಮಗು ತೀರಿಕೊಂಡಿತು’ ಎಂಬ ಸುದ್ದಿ ಹೊರಟಿತು. ಮಕ್ಕಳಿಲ್ಲದ ಹೆಣ್ಣೊಬ್ಬಳ ತೋಳಿಗೆ ದಿನವೂ ಪರರ ಕೂಸು ಕೊಟ್ಟು ತಾಯಿಯ ವೇಷ ಹಾಕಿಸಿದ್ದು ಈ ವ್ಯಾಪಾರದಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವ ಭಾಗ. ಅದಕ್ಕೆ ಇನ್ನೊಂದು ಸಂಗತಿ ಸೇರಿಸಿ. ಲವಿನಿಯಾರ ತಂಗಿ ಮಿನಿ ಕೂಡ ಅಷ್ಟೇ ಪುಟ್ಟ ದೇಹದವರು. ನಿಜವಾಗಿ ಗರ್ಭಿಣಿಯಾದ ಅವರು 1878ರಲ್ಲಿ ಹೆರಿಗೆಯಲ್ಲಿ ಕೂಸಿನ ಜತೆಗೇ ತೀರಿಕೊಂಡರು. ಕೂಸು ಆ ದೇಹ ತಾಳಲಾರದಷ್ಟು ದೊಡ್ಡದಿತ್ತು.

1869ರ ಜೂನಿನಲ್ಲಿ ಸ್ಟ್ರಾಟನ್ ದಂಪತಿ, ಮಿನಿ, ನಟ್ ನಾಲ್ವರೂ ವಿಶ್ವಪ್ರವಾಸ ಹೊರಟರು. ಅಮೆರಿಕದ ಪೂರ್ವ ಪಶ್ಚಿಮ ಬೆಸೆಯುವ ರೈಲುದಾರಿ ಕೂಡಿಕೊಂಡು ಆಗಿನ್ನೂ ಒಂದು ತಿಂಗಳು ಕಳೆದಿತ್ತು. ಜಪಾನ್, ಚೀನಾ, ಆಸ್ಟ್ರೇಲಿಯಾ ಮುಟ್ಟಿ ತಂಡ ಭಾರತಕ್ಕೂ ಬಂದಿತ್ತು. ಮೂರು ವರ್ಷ, 55,487 ಮೈಲಿ, 587 ಊರು, 1,471 ಪ್ರದರ್ಶನ ಎಂಬುದು ಅವರ ಲೆಕ್ಕ. ನಾಟಕದಲ್ಲಿ ಇದಕ್ಕೆ ಎರಡು ನಿಮಿಷ ಸಾಕು.

ಕೊನೆಯ ವರ್ಷ ಹಾಗಲ್ಲ. 1883ರ ಜನವರಿ 10ರ ನಸುಕಿನಲ್ಲಿ ಮಿಲ್‌ವಾಕೀ ನಗರದ ನ್ಯೂಹಾಲ್ ಹೌಸ್ ಹೋಟೆಲಿಗೆ ಬೆಂಕಿ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ದಂಪತಿ ಉಳಿದರು, ಅವರ ವ್ಯವಸ್ಥಾಪಕರ ಪತ್ನಿ ಉಳಿಯಲಿಲ್ಲ. ಆರು ತಿಂಗಳಲ್ಲಿ, ಜುಲೈ 15ರಂದು, ಸ್ಟ್ರಾಟನ್ ಪಾರ್ಶ್ವವಾಯುವಿನಿಂದ ಮಿಡಲ್‌ಬರೊದಲ್ಲಿ ತೀರಿಕೊಂಡರು. 45 ವರ್ಷ. ಬ್ರಿಡ್ಜ್‌ಪೋರ್ಟಿನ ಸಮಾಧಿಯ ಮೇಲೆ ಎತ್ತರದ ಕಂಬ, ಅದರ ತುದಿಯಲ್ಲಿ ಅವರಷ್ಟೇ ಅಳತೆಯ ಪ್ರತಿಮೆ. ಲವಿನಿಯಾ ಇಟಲಿಯ ಕುಬ್ಜ ಕಲಾವಿದ ಪ್ರಿಮೊ ಮಾಗ್ರಿ ಅವರನ್ನು ಮದುವೆಯಾಗಿ, ರಂಗದಲ್ಲೇ ಮುಂದುವರಿದು, 1919ರವರೆಗೆ ಬದುಕಿದ್ದರು.

ಈಗ ರಂಗದ ಮಾತು. ಸಾಮಾನ್ಯ ಎತ್ತರದ ನಟರನ್ನು ಮಂಡಿಯ ಮೇಲೆ ನಡೆಸಬೇಡಿ. ತೊಡೆ ಕಾಲಿನಂತೆ ಕಾಣುವುದಿಲ್ಲ, ಹದಿನೈದು ನಿಮಿಷದಲ್ಲಿ ಮಂಡಿ ಸೋಲುತ್ತದೆ, ಎಲ್ಲಕ್ಕಿಂತ ಮೊದಲು ಇದು ಕುಬ್ಜ ನಟರಿಗೆ ಸಲ್ಲಬೇಕಾದ ಪಾತ್ರ. ನಿಮಗೆ ಸಿಗುವ ನಟರು ಸುಮಾರು 120 ಸೆಂ.ಮೀ. ಇರಬಹುದು, ಪಾತ್ರ 89. ನಟರನ್ನು ಚಿಕ್ಕದಾಗಿಸಲು ಆಗದು, ಸುತ್ತಲಿನದನ್ನು ದೊಡ್ಡದಾಗಿಸಿ. 120ನ್ನು 89ರಿಂದ ಭಾಗಿಸಿದರೆ 1.35. ಎಲ್ಲ ಸಾಮಾನನ್ನೂ ಇದರಿಂದ ಗುಣಿಸಿ: 45 ಸೆಂ.ಮೀ. ಎತ್ತರದ ಕುರ್ಚಿಯ ಪೀಠ 61, 75ರ ಮೇಜು 101, 17ರ ಮೆಟ್ಟಿಲು 23, ಎರಡು ಮೀಟರಿನ ಬಾಗಿಲು 2.7 ಮೀಟರ್. ಚಹಾ ಕಪ್ಪು, ಪತ್ರಿಕೆ, ಟೋಪಿಯನ್ನೂ ಬಿಡಬೇಡಿ. ಒಂದು ಮಾಮೂಲಿ ಕಪ್ಪು ಕೈಗೆ ಬಂದರೆ ಇಡೀ ಭ್ರಮೆ ಒಡೆಯುತ್ತದೆ. ಎತ್ತರ ವಯಸ್ಸಿನೊಂದಿಗೆ ಬದಲಾದರೂ ವಯಸ್ಕ ಭಾಗಕ್ಕೆಲ್ಲ ಇದೊಂದೇ ಅನುಪಾತ ಇಟ್ಟುಕೊಳ್ಳಿ, ಸಾಮಾನು ಎರಡೆರಡು ಸಲ ಮಾಡಿಸುವ ಖರ್ಚು ತಪ್ಪುತ್ತದೆ.

193 ಸೆಂ.ಮೀ. ಎತ್ತರದ ಲಿಂಕನ್ ಈ ಅನುಪಾತಕ್ಕೆ 260 ಆಗುತ್ತಾರೆ. ಅದಕ್ಕೆ ತೊಗಲುಗೊಂಬೆಯಾಟದ ದಾರಿ ಇದೆ, ನೆರಳು. ದೀಪ ಪರದೆಯಿಂದ 4 ಮೀಟರ್ ಹಿಂದೆ ನೆಲದ ಮಟ್ಟದಲ್ಲಿರಲಿ. 180 ಸೆಂ.ಮೀ. ನಟ ದೀಪದಿಂದ ಸುಮಾರು 2.8 ಮೀಟರ್ ದೂರದಲ್ಲಿ, ಅಂದರೆ ಪರದೆಗೆ 1.2 ಮೀಟರ್ ಹಿಂದೆ ನಿಂತರೆ ನೆರಳು ಸರಿಸುಮಾರು 260 ಬರುತ್ತದೆ. ಹಲವು ಎಲ್‌ಇಡಿ ಇರುವ ಪ್ಯಾನೆಲ್ ದೀಪ ಬಳಸಿದರೆ ಒಂದರ ಮೇಲೊಂದು ನೆರಳು ಬಿದ್ದು ಅಂಚು ಮಸುಕಾಗುತ್ತದೆ, ಮುಂದೆ ಗಾಜಿಲ್ಲದ ಒಂಟಿ ಬಲ್ಬೇ ಬೇಕು.

ಬಾಲ್ಯಕ್ಕೆ ಗೊಂಬೆ. 64 ಸೆಂ.ಮೀ. ಎಂದರೆ ಆರು ತಿಂಗಳ ಕೂಸಿನ ಉದ್ದ, ಯಾವ ಬಾಲನಟನೂ ಅದಕ್ಕೆ ಒದಗುವುದಿಲ್ಲ. ಹಗುರ ಮರದಲ್ಲೋ ಸ್ಪಂಜಿನಲ್ಲೋ ಮಾಡಿಸಿ, ತಲೆಗೊಂದು ಹಿಡಿ, ಬಲಗೈಗೊಂದು ಕೋಲು. ಅದನ್ನು ಮುಂದೆ ವಯಸ್ಕ ಸ್ಟ್ರಾಟನ್ ಆಗುವ ನಟರೇ, ಸಭೆಗೆ ಕಾಣುವಂತೆ, ಹಿಂದಿನಿಂದ ಹಿಡಿದು ಆಡಿಸಲಿ, ದನಿಯನ್ನೂ ಅವರೇ ಕೊಡಲಿ. ಸೂತ್ರದ ಗೊಂಬೆ ಬೇಡ. ದಾರ ಕಂಡೊಡನೆ ‘ಇವನು ಬಾರ್ನಮ್ ಆಡಿಸಿದ ಬೊಂಬೆ’ ಎಂದು ಸಭೆ ತೀರ್ಪು ಕೊಟ್ಟುಬಿಡುತ್ತದೆ.

ನಿಮ್ಮ ನಟರಿಗೆ ಅಕಾಂಡ್ರೊಪ್ಲೇಸಿಯಾ ಇದ್ದರೆ ಬೆನ್ನುಹುರಿಯ ನಾಳ ಕಿರಿದಾಗಿರುವ ಸಂಭವ ಹೆಚ್ಚು. ಬಹಳ ಹೊತ್ತು ನಿಂತರೆ ಕಾಲು ಜೋಮು ಹಿಡಿಯಬಹುದು, ಎತ್ತರದಿಂದ ಧುಮುಕುವುದು ಒಳ್ಳೆಯದಲ್ಲ. 61 ಸೆಂ.ಮೀ. ಕುರ್ಚಿಯ ಹಿಂಬದಿಗೆ ಸಭೆಗೆ ಕಾಣದ 20 ಮತ್ತು 40 ಸೆಂ.ಮೀ. ಎತ್ತರದ ಎರಡು ಮೆಟ್ಟಿಲು ಜೋಡಿಸಿ. ಹಾರ್ನ್‌ಪೈಪ್ ಕುಣಿತ ಎರಡು ನಿಮಿಷ ಮೀರದಿರಲಿ, ನಂತರದ ದೃಶ್ಯ ಕುಳಿತು ಆಡುವಂಥದ್ದಾಗಿರಲಿ. ತಾಲೀಮಿನ ಮೊದಲ ದಿನವೇ ಗ್ರೀನ್ ರೂಮಿನ ಕನ್ನಡಿ, ಬಟ್ಟೆ ತೂಗುವ ಮೊಳೆ, ದೀಪದ ಸ್ವಿಚ್ಚು, ಬಚ್ಚಲಿನ ನಲ್ಲಿ ಇವು ಅವರ ಕೈಗೆ ಎಟುಕುತ್ತವೆಯೇ ಎಂದು ಅವರನ್ನೇ ಕೇಳಿ ಸರಿಪಡಿಸಿ, ಆಮೇಲೆ ಓದು ಶುರು ಮಾಡಿ.